1 ನೋಟ್ರಂಪ್‌ನ ಎದುರು ಎರಡು ಸೂಟ್‌ಗಳ ಕೈ: ಯಾವ ದಾರಿ ಹಿಡಿಯಬೇಕು?

ಪ್ರಶ್ನೆ: ಬ್ರಿಜ್ ಆಟದಲ್ಲಿ ಜೊತೆಗಾರರು 15ರಿಂದ 17 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1) ತೋರಿಸುವ 1 ನೋಟ್ರಂಪ್, ಅಂದರೆ ತುರುಪಿಲ್ಲದ ಆಟದ ಬಿಡ್, ಹೇಳಿ ಬಿಡ್ಡಿಂಗ್ (ಹೇಳಿದ ಅಂಕಿಗೆ ಆರು ಸೇರಿಸಿದಷ್ಟು ಸುತ್ತು, ಅಂದರೆ ಟ್ರಿಕ್, ಗೆಲ್ಲುತ್ತೇವೆಂಬ ಕೂಗು) ಆರಂಭಿಸಿದರು. ನನ್ನ ಕೈಯಲ್ಲಿ ಸ್ಪೇಡ್‌ನ ರಾಜ, ರಾಣಿ, 8, 5, 3. ಹಾರ್ಟ್‌ನ ಎಕ್ಕ, 9, 6, 4. ಡೈಮಂಡ್‌ನ ಒಂಟಿ 7. ಕ್ಲಬ್‌ನ ಗುಲಾಮ, 5, 2 ಇದ್ದವು. ಟ್ರಾನ್ಸ್‌ಫರ್ (ಉದ್ದ ಸೂಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸೂಟ್ ಹೇಳಿ, ಉದ್ದ ಸೂಟನ್ನು ಜೊತೆಗಾರರಿಂದ ಹೇಳಿಸುವ ಬಿಡ್) ಮೂಲಕ ಐದು ಸ್ಪೇಡ್ ತೋರಿಸಿ, ಮುಂದಿನ ಸರದಿಯಲ್ಲಿ 3 ನೋಟ್ರಂಪ್ ಹೇಳಿದೆ. ಎರಡೇ ಸ್ಪೇಡ್ ಇದ್ದ ಜೊತೆಗಾರರು ಪಾಸ್ ಮಾಡಿದರು. ಎದುರಾಳಿಗಳು ಮೊದಲ ಐದು ಟ್ರಿಕ್‌ಗಳನ್ನೂ ಡೈಮಂಡ್‌ನಲ್ಲೇ ಎತ್ತಿಕೊಂಡರು. ಆಟ ಮುಗಿದ ಮೇಲೆ ನೋಡಿದರೆ ಜೊತೆಗಾರರ ಬಳಿ ನಾಲ್ಕು ಹಾರ್ಟ್ ಇದ್ದವು. ನಾನು ತಪ್ಪಿದ್ದೆಲ್ಲಿ? ಇಂತಹ ಎರಡು ಸೂಟ್‌ಗಳ ಕೈಗಳನ್ನು ಬಿಡ್ ಮಾಡುವ ಕ್ರಮವೇನು?

ಉತ್ತರ: ನಿಮ್ಮ ಜೊತೆಗಾರರು ಪಾಸ್ ಮಾಡಿದ್ದರಲ್ಲಿ ತಪ್ಪಿಲ್ಲ. ನೀವು ನಡೆದ ದಾರಿಯಲ್ಲಿ ಅವರಿಗೆ ಕಾಣಿಸಿದ್ದು ಐದು ಸ್ಪೇಡ್ ಮತ್ತು ಗೇಮ್‌ಗೆ (ಬೋನಸ್ ತರುವ 3 ನೋಟ್ರಂಪ್, 4 ಹಾರ್ಟ್, 4 ಸ್ಪೇಡ್‌ನಂತಹ ಬಿಡ್‌ಗೆ) ಸಾಲುವಷ್ಟು ಪಾಯಿಂಟ್ ಮಾತ್ರ. ಹಾರ್ಟ್‌ನ ಸುದ್ದಿ ನಿಮ್ಮ ಕೈಯೊಳಗೇ ಉಳಿದುಹೋಯಿತು. ನಿಮ್ಮ ವಿವರಣೆಯಿಂದ ಅವರ ಕೈಯನ್ನು ಹೀಗೆ ಊಹಿಸಿಕೊಳ್ಳುತ್ತೇನೆ: ಸ್ಪೇಡ್‌ನ ಎಕ್ಕ, 6, ಹಾರ್ಟ್‌ನ ರಾಜ, ರಾಣಿ, 10, 3, ಡೈಮಂಡ್‌ನ 9, 8, 5, ಕ್ಲಬ್‌ನ ಎಕ್ಕ, ರಾಣಿ, 9, 4. ಒಟ್ಟು 15 ಪಾಯಿಂಟ್. ನೋಟ್ರಂಪ್‌ನಲ್ಲಿ ಡೈಮಂಡ್ ತಡೆಯುವ ಎಲೆ ಎರಡೂ ಕೈಗಳಲ್ಲಿ ಇಲ್ಲದ್ದರಿಂದ, ಆ ಸೂಟ್ ಎದುರಾಳಿಗಳಲ್ಲಿ 5-4 ಆಗಿ ಹಂಚಿಕೊಂಡಿದ್ದರೆ ಆಟ ಶುರುವಾಗುವ ಮೊದಲೇ ಸೋತಂತೆ. ಅದೇ ಎಲೆಗಳಿಗೆ ಹಾರ್ಟ್ ತುರುಪಾಗಿದ್ದರೆ ಡೈಮಂಡ್‌ನಲ್ಲಿ ಹೋಗುವುದು ಒಂದೇ ಟ್ರಿಕ್. ಎರಡನೆಯ ಡೈಮಂಡನ್ನು ನಿಮ್ಮ ಕೈ ತುರುಪು ಹಾಕಿ ಕೊಯ್ಯುತ್ತದೆ. ತುರುಪು 3-2 ಆಗಿದ್ದರೆ ಹಾರ್ಟ್‌ನಲ್ಲಿ ಐದು, ಸ್ಪೇಡ್‌ನಲ್ಲಿ ಮೂರು, ಕ್ಲಬ್‌ನಲ್ಲಿ ಎಕ್ಕದ ಜೊತೆಗೆ ರಾಣಿ ಅಥವಾ ಗುಲಾಮ ಒಂದು, ಹೀಗೆ ಹತ್ತು ಟ್ರಿಕ್‌ಗಳು ಕ್ಲಬ್ ರಾಜ ಯಾರ ಬಳಿ ಇದ್ದರೂ ದಕ್ಕುತ್ತವೆ.

ಆ ಕೈಯಲ್ಲಿ ನೀವು ಮೊದಲು ಹೇಳಬೇಕಾಗಿದ್ದುದು 2 ಕ್ಲಬ್, ಅಂದರೆ ಸ್ಟೇಮನ್. ಜಾರ್ಜ್ ರಾಪೀ ರೂಪಿಸಿದ, 1945ರಲ್ಲಿ ಅವರ ಜೊತೆಗಾರ ಸ್ಯಾಮ್ಯುಯೆಲ್ ಸ್ಟೇಮನ್ ಲೇಖನವಾಗಿ ಪ್ರಕಟಿಸಿದ ಈ ಬಿಡ್, ನಾಲ್ಕೆಲೆಯ ಮೇಜರ್ ಸೂಟ್ (ಸ್ಪೇಡ್ ಅಥವಾ ಹಾರ್ಟ್) ಇದೆಯೇ ಎಂದು ಓಪನರ್‌ರನ್ನು, ಅಂದರೆ ಬಿಡ್ಡಿಂಗ್ ಆರಂಭಿಸಿದವರನ್ನು, ಕೇಳುತ್ತದೆ. ನಿಮ್ಮ ಜೊತೆಗಾರರು 2 ಹಾರ್ಟ್ ಎನ್ನುತ್ತಿದ್ದರು, ನೀವು 4 ಹಾರ್ಟ್ ಎಂದು ಮುಗಿಸುತ್ತಿದ್ದಿರಿ. ಐದೆಲೆಯ ಸೂಟ್ ಇದ್ದರೆ ಟ್ರಾನ್ಸ್‌ಫರ್, ನಾಲ್ಕೆಲೆಯದಿದ್ದರೆ ಸ್ಟೇಮನ್ ಎಂದು ಕಲಿಯುವವರಿಗೆ ಮೊದಲ ದಿನ ಹೇಳಿಕೊಡುತ್ತಾರೆ. ಒಂದೇ ಉದ್ದ ಸೂಟ್ ಇರುವ ಕೈಗೆ ಅದು ಸಾಕು. ಮೇಜರ್‌ಗಳಲ್ಲಿ 5-4 ಇದ್ದಾಗ ಮಾತ್ರ ಆ ಪಾಠ ಕೈಕೊಡುತ್ತದೆ.

ಸ್ಟೇಮನ್ ಹೇಳಿದರೆ ಐದನೆಯ ಸ್ಪೇಡ್ ಕಳೆದುಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಓಪನರ್‌ಗೆ ನಾಲ್ಕೆಲೆಯ ಮೇಜರ್ ಯಾವುದಿದ್ದರೂ ಅಲ್ಲೇ ಇಬ್ಬರ ಕೈ ಸೇರಿ ಎಂಟು ಅಥವಾ ಒಂಬತ್ತು ಎಲೆಗಳ ಹೊಂದಾಣಿಕೆ ಸಿಗುತ್ತದೆ. ಹಾಗಾಗಿ ಆ ಪ್ರಶ್ನೆ ಹುಟ್ಟುವುದು ಅವರು 2 ಡೈಮಂಡ್ ಎಂದು ಇಲ್ಲವೆಂದಾಗ ಮಾತ್ರ. ಈ ಸಂದರ್ಭಕ್ಕೆಂದೇ ಮೈಕ್ ಸ್ಮೋಲೆನ್ ಅವರ ಹೆಸರಿನ ಒಂದು ಒಪ್ಪಂದವಿದೆ. ಗೇಮ್‌ಗೆ ಸಾಲುವ ಕೈಯಿದ್ದವರು ಮೂರನೆಯ ಮಟ್ಟಕ್ಕೆ ಜಿಗಿದು ತಮ್ಮ ಚಿಕ್ಕ ಮೇಜರ್‌ನ ಹೆಸರು ಹೇಳುತ್ತಾರೆ: 3 ಹಾರ್ಟ್ ಎಂದರೆ ನಾಲ್ಕು ಹಾರ್ಟ್, ಐದು ಸ್ಪೇಡ್, 3 ಸ್ಪೇಡ್ ಎಂದರೆ ನಾಲ್ಕು ಸ್ಪೇಡ್, ಐದು ಹಾರ್ಟ್. ಮೊದಲ ಸಲ ಕೇಳಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಆದರೆ ತಮ್ಮಲ್ಲಿ ನಾಲ್ಕೆಲೆಯ ಮೇಜರ್ ಇಲ್ಲವೆಂದು ಓಪನರ್ ಆಗಲೇ ಹೇಳಿಯಾಗಿದೆ, ಆದ್ದರಿಂದ ಚಿಕ್ಕ ಮೇಜರ್ ತುರುಪಾಗುವ ಮಾತೇ ಇಲ್ಲ. ಉಳಿದಿರುವ ಪ್ರಶ್ನೆ ದೊಡ್ಡ ಮೇಜರ್‌ನಲ್ಲಿ ಅವರಿಗೆ ಮೂರು ಎಲೆ ಇದೆಯೇ, ಎರಡೇ ಎಂಬುದೊಂದೇ. ಮೂರಿದ್ದರೆ ಆ ಸೂಟ್‌ನ ಹೆಸರನ್ನು ಅವರೇ ಮೊದಲು ಹೇಳುತ್ತಾರೆ, ಆಡುವವರೂ ಅವರೇ ಆಗುತ್ತಾರೆ. ಮೊದಲ ಎಲೆ ಬಲವಾದ ಕೈಯತ್ತ ಬರುತ್ತದೆ, ಅವರ ರಾಜ-ರಾಣಿಗಳು ಮೇಜಿನ ಮೇಲೆ ಬಯಲಾಗದೆ ಮರೆಯಲ್ಲಿ ಉಳಿಯುತ್ತವೆ. ಎರಡೇ ಎಲೆಯಿದ್ದರೆ ಅವರು 3 ನೋಟ್ರಂಪ್ ಹೇಳುತ್ತಾರೆ, ನೀವು ಪಾಸ್ ಮಾಡುತ್ತೀರಿ. ಆಗ ಎಂಟೆಲೆಯ ಮೇಜರ್ ಹೊಂದಾಣಿಕೆ ನಿಜಕ್ಕೂ ಇಲ್ಲವೆಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಟ್ರಾನ್ಸ್‌ಫರ್ ಮಾಡಿದ ಮೇಲೆ 3 ನೋಟ್ರಂಪ್‌ನ ಬದಲು 3 ಹಾರ್ಟ್ ಹೇಳಿದ್ದರೆ ಸಾಲುತ್ತಿರಲಿಲ್ಲವೇ ಎಂಬ ಅನುಮಾನವೂ ಸಹಜ. ಓಪನರ್‌ರ ಕುರ್ಚಿಯಲ್ಲಿ ಕುಳಿತು ನೋಡಿ. ಅವರ ಬಳಿ ಎರಡು ಸ್ಪೇಡ್, ಮೂರು ಹಾರ್ಟ್ ಇವೆ ಎಂದುಕೊಳ್ಳಿ. ನಿಮ್ಮ 3 ಹಾರ್ಟ್ ನಾಲ್ಕೆಲೆಯದೋ ಐದೆಲೆಯದೋ ತಿಳಿಯದಿದ್ದರೆ ಅವರು 4 ಹಾರ್ಟ್ ಹೇಳಬೇಕೋ 3 ನೋಟ್ರಂಪ್ ಹೇಳಬೇಕೋ ಎಂಬುದಕ್ಕೆ ಉತ್ತರವೇ ಇಲ್ಲ. ಆದ್ದರಿಂದ ಎರಡು ದಾರಿಗಳನ್ನು ಬೇರ್ಪಡಿಸುತ್ತೇವೆ: 5-4 ಕೈ ಸ್ಟೇಮನ್ ಮೂಲಕ ಹೋಗುತ್ತದೆ, ಗೇಮ್ ಬಲದ 5-5 ಕೈ ಟ್ರಾನ್ಸ್‌ಫರ್ ಮೂಲಕ ಹೋಗುತ್ತದೆ. ಎರಡನೆಯ ಸೂಟ್‌ನ ಹೆಸರಿಗಿಂತ ಮೊದಲೇ, ನೀವು ಹಿಡಿದ ದಾರಿ ಆ ಸೂಟ್‌ನ ಉದ್ದವನ್ನು ಹೇಳಿಬಿಟ್ಟಿರುತ್ತದೆ. ಈ ವಿಷಯದಲ್ಲಿ ಒಂದೇ ಒಂದು ಮಾತನ್ನು ಒತ್ತಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಈ ವಿಂಗಡಣೆಯ ಹಿಂದೆ ಒಂದು ಸರಳ ಲೆಕ್ಕವಿದೆ. ನೋಟ್ರಂಪ್ ಆರಂಭಿಸುವ ಸಮತೋಲದ ಕೈ 4-3-3-3, 4-4-3-2 ಅಥವಾ 5-3-3-2 ಆಕಾರದ್ದು. ಅದರಲ್ಲಿ ಎರಡೇ ಎಲೆಯಿರುವ ಸೂಟ್ ಹೆಚ್ಚೆಂದರೆ ಒಂದು. ನಿಮ್ಮಲ್ಲಿ 5-5 ಇದ್ದರೆ ಆ ಎರಡು ಸೂಟ್‌ಗಳಲ್ಲಿ ಒಂದರಲ್ಲಾದರೂ ಅವರಿಗೆ ಮೂರು ಎಲೆ ಇರಲೇಬೇಕು, ಅಂದರೆ ಎಂಟೆಲೆಯ ಹೊಂದಾಣಿಕೆ ಖಚಿತ. ಅದು ಯಾವುದು ಎಂದು ಕಂಡುಕೊಳ್ಳುವುದಷ್ಟೇ ಕೆಲಸ. 5-4 ಕೈಗೆ ಈ ಭರವಸೆ ಇಲ್ಲ: ಓಪನರ್‌ಗೆ ನಿಮ್ಮ ಉದ್ದದ ಸೂಟ್‌ನಲ್ಲಿ ಎರಡು, ಇನ್ನೊಂದರಲ್ಲಿ ಮೂರು ಬಂದರೆ ಎರಡೂ ಕಡೆ ಏಳೇ ಎಲೆ. ಆದ್ದರಿಂದ 5-4 ಇದ್ದಾಗ ಕೇಳಿ ತಿಳಿಯಬೇಕು, 5-5 ಇದ್ದಾಗ ತೋರಿಸಿ ಆಯ್ಕೆಯನ್ನು ಅವರಿಗೆ ಬಿಡಬೇಕು. ಇನ್ನೊಂದು ಅಂಕಿ: ಹಂಚಿದ 100 ಕೈಗಳಲ್ಲಿ ಸುಮಾರು 25 ಕೈಗಳ ಉದ್ದದ ಎರಡು ಸೂಟ್‌ಗಳು 5-4 ಆಗಿರುತ್ತವೆ, 5-5 ಆಗಿರುವುದು ಸುಮಾರು 4 ಮಾತ್ರ. ನೆನಪಿಗೆ ಕೊಡಬೇಕಾದ ಶ್ರಮವನ್ನು ಇದೇ ಪ್ರಮಾಣದಲ್ಲಿ ಹಂಚಿಕೊಳ್ಳಿ ಎನ್ನುತ್ತೇನೆ. 5-5 ಮೈನರ್‌ಗಳಿಗೆ (ಕ್ಲಬ್, ಡೈಮಂಡ್) ನಾಲ್ಕು ಬಗೆಯ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು, 5-4 ಮೇಜರ್ ಬಂದಾಗ ತಡವರಿಸುವ ಜೋಡಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಈಗ 5-5 ಮೇಜರ್‌ಗಳ ಗೇಮ್ ಬಲದ ಕೈ. ಟ್ರಾನ್ಸ್‌ಫರನ್ನು 1956ರಲ್ಲಿ ಆಸ್ವಾಲ್ಡ್ ಜಾಕೋಬಿ ಅಮೆರಿಕದಲ್ಲಿ ಜನಪ್ರಿಯಗೊಳಿಸಿದರು. ಅದಕ್ಕೆ ಕೆಲವು ವರ್ಷ ಮೊದಲೇ ಸ್ವೀಡನ್ನಿನ ಓಲೆ ವಿಲ್ನರ್ ಅದನ್ನು ಮಂಡಿಸಿದ್ದರು. 2 ಡೈಮಂಡ್ ಎಂದರೆ ಹಾರ್ಟ್, 2 ಹಾರ್ಟ್ ಎಂದರೆ ಸ್ಪೇಡ್. ನೀವು 2 ಹಾರ್ಟ್ ಹೇಳುತ್ತೀರಿ, ಅವರು 2 ಸ್ಪೇಡ್ ಹೇಳುತ್ತಾರೆ, ನೀವು 3 ಹಾರ್ಟ್ ಹೇಳುತ್ತೀರಿ. ಸ್ಪೇಡ್‌ನಿಂದಲೇ ಏಕೆ ಆರಂಭಿಸಬೇಕೆಂದರೆ, ಹಾರ್ಟ್ ಆಮೇಲೆ ಬಂದಾಗ ಓಪನರ್‌ಗೆ 3 ಸ್ಪೇಡ್ ಹೇಳುವ ಜಾಗ ಉಳಿಯುತ್ತದೆ. ಹಾರ್ಟ್‌ನಿಂದ ಶುರುಮಾಡಿ 3 ಸ್ಪೇಡ್‌ಗೆ ಜಿಗಿದರೆ ಆ ಒಂದು ಮೆಟ್ಟಿಲು ನಾವೇ ಕೆಡವಿದಂತಾಗುತ್ತದೆ. ಆ ಜಾಗದ ಬೆಲೆ ಸ್ಲ್ಯಾಮ್ (ಹನ್ನೆರಡು ಅಥವಾ ಹದಿಮೂರು ಟ್ರಿಕ್‌ಗಳ ಬಿಡ್) ಹತ್ತಿರ ಬಂದಾಗ ಗೊತ್ತಾಗುತ್ತದೆ.

ನಿಮ್ಮ ಕೈಯಲ್ಲಿ ಸ್ಪೇಡ್‌ನ ರಾಜ, ಗುಲಾಮ, 10, 6, 4, ಹಾರ್ಟ್‌ನ ಎಕ್ಕ, ರಾಣಿ, 9, 7, 3, ಡೈಮಂಡ್‌ನ 8, ಕ್ಲಬ್‌ನ 6, 5 ಇವೆ ಎಂದುಕೊಳ್ಳಿ. ಹತ್ತೇ ಪಾಯಿಂಟ್. ಓಪನರ್ ಬಳಿ ಸ್ಪೇಡ್‌ನ ಎಕ್ಕ, ರಾಣಿ, 3. ಹಾರ್ಟ್‌ನ ರಾಜ, 8, 5. ಡೈಮಂಡ್‌ನ ಎಕ್ಕ, 7, 4, 2. ಕ್ಲಬ್‌ನ ಎಕ್ಕ, 10, 3 ಇದ್ದರೆ ಒಟ್ಟು 17. ಎರಡು ಮೇಜರ್‌ಗಳೂ 3-2 ಆಗಿ ಹಂಚಿಕೊಂಡಿದ್ದರೆ ಸ್ಪೇಡ್ ಐದು, ಹಾರ್ಟ್ ಐದು, ಎರಡು ಎಕ್ಕ: 6 ಸ್ಪೇಡ್‌ಗೆ ಬೇಕಾದ ಹನ್ನೆರಡು ಟ್ರಿಕ್ ಎಣಿಸಿಟ್ಟಂತಿವೆ. ಅದೇ 17 ಪಾಯಿಂಟ್ ಬೇರೆ ರೂಪದಲ್ಲಿ ಬರಲಿ: ಸ್ಪೇಡ್‌ನ ರಾಣಿ, 3, ಹಾರ್ಟ್‌ನ ರಾಜ, 8, 5, ಡೈಮಂಡ್‌ನ ರಾಜ, ರಾಣಿ, ಗುಲಾಮ, 4, ಕ್ಲಬ್‌ನ ರಾಜ, ರಾಣಿ, ಗುಲಾಮ, 2. ಈಗ ಎದುರಾಳಿಗಳ ಬಳಿ ಮೂರು ಎಕ್ಕಗಳಿವೆ, 4 ಹಾರ್ಟ್‌ಗಿಂತ ಒಂದು ಟ್ರಿಕ್ ಹೆಚ್ಚೂ ಸಾಧ್ಯವಿಲ್ಲ. ಮೈನರ್‌ಗಳಲ್ಲಿರುವ ಹನ್ನೆರಡು ಪಾಯಿಂಟ್ ನಿಮ್ಮ ಮೂರು ಚಿಕ್ಕ ಎಲೆಗಳ ಎದುರು ಕುಳಿತು ವ್ಯರ್ಥವಾಗುತ್ತಿವೆ. ಎರಡು ಸೂಟ್‌ಗಳ ಕೈಯ ಎದುರು ಪಾಯಿಂಟ್ ಎಷ್ಟು ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ಅದನ್ನು ಅಳೆಯಬಲ್ಲವರು ಓಪನರ್ ಮಾತ್ರ, ಏಕೆಂದರೆ ನಿಮ್ಮ ಹತ್ತು ಎಲೆಗಳು ಎಲ್ಲಿವೆ ಎಂಬುದು ಅವರಿಗೆ ಈಗ ಗೊತ್ತು, ಅವರ ಎಲೆಗಳು ನಿಮಗೆ ಗೊತ್ತಿಲ್ಲ.

ಹಾಗಾಗಿ 3 ಹಾರ್ಟ್‌ಗೆ ಓಪನರ್ ಕೊಡುವ ಉತ್ತರಗಳಿಗೆ ಅರ್ಥ ಗೊತ್ತುಮಾಡಿಕೊಳ್ಳಿ. ಎರಡನೆಯ ಬಗೆಯ ಕೈಯಿದ್ದವರು ನೇರವಾಗಿ 4 ಹಾರ್ಟ್ ಅಥವಾ 4 ಸ್ಪೇಡ್ ಹೇಳಿ ಬಾಗಿಲು ಮುಚ್ಚುತ್ತಾರೆ. ಮೊದಲ ಬಗೆಯವರು ಸ್ಪೇಡ್ ಬಯಸಿದರೆ 3 ಸ್ಪೇಡ್ ಹೇಳಿ ಮಾತು ಮುಂದುವರಿಸುತ್ತಾರೆ. ಹಾರ್ಟ್ ಬಯಸಿದರೆ 4 ಕ್ಲಬ್ ಅಥವಾ 4 ಡೈಮಂಡ್ ಹೇಳಿ ಆ ಸೂಟ್‌ನ ಎಕ್ಕವನ್ನು ತೋರಿಸುತ್ತಾರೆ. 3 ನೋಟ್ರಂಪ್ ಮಾತ್ರ ಬೇಡ. ಎಂಟೆಲೆಯ ಹೊಂದಾಣಿಕೆ ಖಚಿತವಾಗಿರುವಾಗ, ಎದುರಿನ ಕೈಯಲ್ಲಿ ಎರಡೂ ಮೈನರ್ ಸೇರಿ ಮೂರೇ ಎಲೆ ಇವೆಯೆಂದು ಗೊತ್ತಿದ್ದೂ ನೋಟ್ರಂಪ್ ಆಡುವುದು ಹಟವೇ ಹೊರತು ಆಟವಲ್ಲ.

ದುರ್ಬಲ ಕೈಗಳಲ್ಲಿ ಈ ವಿಂಗಡಣೆ ಒಂದು ತಮಾಷೆಯ ತಿರುವು ಪಡೆಯುತ್ತದೆ. ನಾಲ್ಕೈದು ಪಾಯಿಂಟ್‌ನ 5-5 ಮೇಜರ್ ಕೈಗೂ ಸ್ಟೇಮನ್ ಒಳ್ಳೆಯದು. ಟ್ರಾನ್ಸ್‌ಫರ್ ಮಾಡಿ ಪಾಸ್ ಮಾಡಿದರೆ ನೀವು ಆರಿಸಿದ ಸೂಟ್‌ನಲ್ಲೇ ಓಪನರ್‌ಗೆ ಎರಡು ಎಲೆ ಇರುವ ಅಪಾಯ ಉಂಟು. 2 ಕ್ಲಬ್ ಹೇಳಿದರೆ, ಅವರು ಮೇಜರ್ ಹೇಳಿದಾಗ ಒಂಬತ್ತೆಲೆಯ ಹೊಂದಾಣಿಕೆಯಲ್ಲಿ ಪಾಸ್ ಮಾಡುತ್ತೀರಿ. 2 ಡೈಮಂಡ್ ಎಂದಾಗ 2 ಹಾರ್ಟ್ ಹೇಳುತ್ತೀರಿ. ಇದರ ಅರ್ಥ ‘ನನ್ನ ಕೈ ದುರ್ಬಲ, ಎರಡೂ ಮೇಜರ್ ಇವೆ, ಉದ್ದವಾಗಿರುವುದನ್ನು ನೀವೇ ಆರಿಸಿ’ ಎಂದು. ಹಾರ್ಟ್ ಹೆಚ್ಚಿದ್ದರೆ ಅಥವಾ ಎರಡೂ ಸಮವಿದ್ದರೆ ಅವರು ಪಾಸ್ ಮಾಡುತ್ತಾರೆ, ಸ್ಪೇಡ್ ಹೆಚ್ಚಿದ್ದರೆ 2 ಸ್ಪೇಡ್ ಹೇಳುತ್ತಾರೆ. ಮೇಲೆ ಹೇಳಿದ ಲೆಕ್ಕದಂತೆ ಎಂಟೆಲೆ ತಪ್ಪದೆ ಸಿಗುತ್ತದೆ, ಅದೂ ಎರಡನೆಯ ಮಟ್ಟದಲ್ಲೇ. 5-4 ಮೇಜರ್‌ಗಳ ದುರ್ಬಲ ಕೈಗೂ ಇದೇ ದಾರಿ, ಭರವಸೆ ಮಾತ್ರ ಕೊಂಚ ಕಡಿಮೆ. ಒಂದೇ ಎಚ್ಚರಿಕೆ: 2 ಡೈಮಂಡ್ ಬಂದಾಗ ನಿಮ್ಮ 2 ಹಾರ್ಟ್ ದುರ್ಬಲ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಓಪನರ್ ಅದನ್ನು ಆಹ್ವಾನವೆಂದು (ಬಲವಿದ್ದರೆ ಗೇಮ್‌ಗೆ ಹೋಗಿ ಎಂಬ ಕರೆಯೆಂದು) ತಿಳಿದು ಗೇಮ್‌ಗೆ ಏರಿಸಿಬಿಡುತ್ತಾರೆ.

ಅತ್ಯಂತ ಕಷ್ಟದ್ದು ನಡುವಿನ ಕೈ, ಅಂದರೆ ಗೇಮ್‌ಗೆ ಆಹ್ವಾನ ಕೊಡುವ ಕೈ. ಇಲ್ಲಿ ಇರುವ ಬಿಡ್‌ಗಳಿಗಿಂತ ಹೇಳಬೇಕಾದ ಕೈಗಳು ಹೆಚ್ಚು. ಐದು ಸ್ಪೇಡ್, ನಾಲ್ಕು ಹಾರ್ಟ್, 8 ಅಥವಾ 9 ಪಾಯಿಂಟ್ ಇದ್ದರೆ ಸ್ಟೇಮನ್ ಹೇಳಿ, 2 ಡೈಮಂಡ್ ಬಂದಾಗ 2 ಸ್ಪೇಡ್ ಹೇಳುವುದು ನನ್ನ ರೂಢಿ. ತಕರಾರು ಇರುವುದು 2 ಡೈಮಂಡ್ ಟ್ರಾನ್ಸ್‌ಫರ್, 2 ಹಾರ್ಟ್, ಆಮೇಲೆ 2 ಸ್ಪೇಡ್ ಎಂಬ ಸರಣಿಯ ಬಗ್ಗೆ. ಒಂದು ಪಂಥದವರು ಇದನ್ನು 5-5 ಮೇಜರ್‌ಗಳ ಆಹ್ವಾನವೆನ್ನುತ್ತಾರೆ, ಉದಾಹರಣೆಗೆ ಸ್ಪೇಡ್‌ನ ರಾಜ, 10, 8, 6, 4, ಹಾರ್ಟ್‌ನ ರಾಣಿ, ಗುಲಾಮ, 9, 5, 3, ಡೈಮಂಡ್‌ನ 7, ಕ್ಲಬ್‌ನ 8, 4. ಆರೇ ಪಾಯಿಂಟ್ ಆದರೂ ಎಲ್ಲವೂ ಉದ್ದದ ಸೂಟ್‌ಗಳಲ್ಲೇ ಇರುವುದರಿಂದ ಇದು ಆಹ್ವಾನಕ್ಕೆ ಯೋಗ್ಯವಾದ ಕೈ. ಇನ್ನೊಂದು ಪಂಥದವರು ಆ ಸರಣಿಯನ್ನು ಐದು ಹಾರ್ಟ್, ನಾಲ್ಕು ಸ್ಪೇಡ್‌ನ ಆಹ್ವಾನಕ್ಕೆ ಮೀಸಲಿಟ್ಟು, 5-5 ಕೈಗಳಿಗೆ ನೇರ ಜಿಗಿತ ಬಳಸುತ್ತಾರೆ: 1 ನೋಟ್ರಂಪ್‌ಗೆ 3 ಹಾರ್ಟ್ ಎಂದರೆ 5-5 ಆಹ್ವಾನ, 3 ಸ್ಪೇಡ್ ಎಂದರೆ 5-5 ಗೇಮ್. ನನಗೆ ಎರಡನೆಯದು ಹೆಚ್ಚು ನಿಖರವಾಗಿ ಕಾಣುತ್ತದೆ. ಆದರೆ ಮೊದಲನೆಯದರಲ್ಲಿ ನೆನಪಿಡುವುದು ಕಡಿಮೆ, ಅದಕ್ಕೆ ತೆರುವ ಬೆಲೆಯೂ ಸಣ್ಣದು: ಐದು ಹಾರ್ಟ್, ನಾಲ್ಕು ಸ್ಪೇಡ್‌ನ ಆಹ್ವಾನಕ್ಕೆ ದಾರಿ ಉಳಿಯದೆ, ಸ್ಟೇಮನ್‌ಗೆ 2 ಡೈಮಂಡ್ ಬಂದಾಗ 2 ನೋಟ್ರಂಪ್ ಹೇಳಿ ಸುಮ್ಮನಾಗಬೇಕು, ಅಷ್ಟೇ. ಯಾವುದನ್ನಾದರೂ ಹಿಡಿಯಿರಿ, ಇಬ್ಬರೂ ಒಂದನ್ನೇ ಹಿಡಿಯಿರಿ. ಹಿಂದೊಮ್ಮೆ ಹೊಸ ಜೊತೆಗಾರರೊಬ್ಬರೊಡನೆ ನಾನು ಈ 2 ಸ್ಪೇಡನ್ನು 5-5 ಎಂದು ಹೇಳಿದೆ, ಅವರು 5-4 ಎಂದು ಕೇಳಿಸಿಕೊಂಡರು. ಮೂರು ಸ್ಪೇಡ್, ಎರಡು ಹಾರ್ಟ್ ಹಿಡಿದು 2 ನೋಟ್ರಂಪ್ ಹೇಳಿದ ಅವರ ಮುಖ ನೋಡುತ್ತಾ, ನನ್ನ ಒಂಟಿ ಡೈಮಂಡನ್ನು ಮೇಜಿನ ಮೇಲಿಟ್ಟದ್ದು ಇನ್ನೂ ನೆನಪಿದೆ.

ಒಂದು ಮೇಜರ್, ಒಂದು ಮೈನರ್ ಇರುವ ಕೈಗೆ ನಿಯಮ ಸರಳ, ವಿವೇಚನೆ ಕಠಿಣ. ಟ್ರಾನ್ಸ್‌ಫರ್ ಆದ ಮೇಲೆ 3 ಕ್ಲಬ್ ಅಥವಾ 3 ಡೈಮಂಡ್ ಹೇಳಿದರೆ ಐದೆಲೆಯ ಮೇಜರ್, ಕನಿಷ್ಠ ನಾಲ್ಕೆಲೆಯ ಆ ಮೈನರ್ ಮತ್ತು ಗೇಮ್ ಬಲ. ನಾಲ್ಕೆಲೆಯ ಮೇಜರ್, ಐದೆಲೆಯ ಮೈನರ್ ಇದ್ದರೆ ಮೊದಲು ಸ್ಟೇಮನ್, ಮೇಜರ್ ಹೊಂದದಿದ್ದರೆ ಆಮೇಲೆ ಮೈನರ್. ಆದರೆ ಹೇಳಲು ಸಾಧ್ಯವೆಂದ ಮಾತ್ರಕ್ಕೆ ಪ್ರತಿ ಬಾರಿಯೂ ಮೈನರ್ ಹೇಳಬೇಕಾಗಿಲ್ಲ. ಕೈ 5-4-2-2, ಪಾಯಿಂಟ್ ಹತ್ತೋ ಹನ್ನೊಂದೋ ಆಗಿದ್ದರೆ, ಟ್ರಾನ್ಸ್‌ಫರ್ ಮಾಡಿ 3 ನೋಟ್ರಂಪ್ ಹೇಳಿ ಮುಗಿಸುವುದೇ ಮೇಲು. ಮೈನರ್ ಗೇಮ್‌ಗೆ ಹನ್ನೊಂದು ಟ್ರಿಕ್ ಬೇಕು, ನೋಟ್ರಂಪ್‌ಗೆ ಒಂಬತ್ತೇ ಸಾಕು, ನಿಮ್ಮ ಕೈಯ ಆಕಾರ ಕೇಳಿಸಿಕೊಂಡ ಎದುರಾಳಿ ಮೊದಲ ಎಲೆಯನ್ನು ಸುಲಭವಾಗಿ ಆರಿಸಿಕೊಳ್ಳುತ್ತಾರೆ. ಕೈಯಲ್ಲಿ ಒಂಟಿ ಎಲೆಯೋ ಖಾಲಿ ಸೂಟೋ ಇದ್ದರೆ ಅಥವಾ ಸ್ಲ್ಯಾಮ್‌ನ ವಾಸನೆ ಬಂದರೆ ಮಾತ್ರ ಮೈನರ್ ತೋರಿಸಿ. ಸ್ಪೇಡ್ ಐದು, ಕ್ಲಬ್ ಐದು, ಹಾರ್ಟ್ ಒಂದು ಇದ್ದಾಗ 3 ಕ್ಲಬ್ ಕೇಳಿದ ಓಪನರ್ ತಮ್ಮ ಹಾರ್ಟ್ ನೋಡಿಕೊಳ್ಳುತ್ತಾರೆ: ಎಕ್ಕ, ಗುಲಾಮ, 10 ಇದ್ದರೆ ಧೈರ್ಯದಿಂದ 3 ನೋಟ್ರಂಪ್, ಮೂರು ಪುಡಿ ಎಲೆಗಳಿದ್ದರೆ 3 ಸ್ಪೇಡ್ ಅಥವಾ 4 ಕ್ಲಬ್. ನೀವು ಕಳೆದುಕೊಂಡ ಆ ಡೈಮಂಡ್ ಐದು ಟ್ರಿಕ್‌ಗಳಂಥದ್ದನ್ನು ತಪ್ಪಿಸಲು ಈ ದಾರಿ ಇರುವುದು. ಮೇಜರ್-ಮೈನರ್ ಕೈ ಆಹ್ವಾನದ್ದಾಗಿದ್ದರೆ ಮೈನರನ್ನು ಮರೆತುಬಿಡಿ, ಟ್ರಾನ್ಸ್‌ಫರ್ ಆದ ಮೇಲೆ 2 ನೋಟ್ರಂಪ್ ಹೇಳಿ.

ಎರಡೂ ಮೈನರ್‌ಗಳ ಕೈಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 5-4-2-2 ಆಗಿದ್ದರೆ ಅವು ಇವೆಯೆಂಬುದನ್ನೇ ಮರೆತು, ಬಲಕ್ಕೆ ತಕ್ಕಂತೆ ಪಾಸ್, 2 ನೋಟ್ರಂಪ್ ಅಥವಾ 3 ನೋಟ್ರಂಪ್ ಎನ್ನಿ. 5-5 ಬಂದಾಗ ನೇರವಾಗಿ 3 ಕ್ಲಬ್ ಹೇಳಿದರೆ ದುರ್ಬಲ ಕೈ, ಓಪನರ್ ಪಾಸ್ ಮಾಡಲಿ ಅಥವಾ 3 ಡೈಮಂಡ್‌ಗೆ ಬದಲಿಸಲಿ. 3 ಡೈಮಂಡ್ ಹೇಳಿದರೆ ಅದೇ ಆಕಾರದ ಬಲವಾದ ಕೈ ಎಂಬ ಒಪ್ಪಂದ ಸಾಕು. ಬಲವಾದ ಕೈಯ ಎದುರು ಓಪನರ್‌ಗೆ ಎರಡೂ ಮೇಜರ್ ಭದ್ರವಾಗಿದ್ದರೆ 3 ನೋಟ್ರಂಪ್, ಒಂದು ತೆರೆದಿದ್ದರೆ ಮೈನರ್.

ಇಷ್ಟೆಲ್ಲ ಎದುರಾಳಿಗಳು ಸುಮ್ಮನಿದ್ದಾಗಿನ ಮಾತು. ಅವರು 1 ನೋಟ್ರಂಪ್‌ನ ಮೇಲೆ ಕೃತಕವಾಗಿ (ಕ್ಲಬ್ ಸೂಟ್ ತೋರಿಸದೆ ಬೇರೆ ಅರ್ಥದಲ್ಲಿ) 2 ಕ್ಲಬ್ ಹೇಳಿದರೆ, ಬಹುತೇಕ ಜೋಡಿಗಳು ಡಬಲನ್ನು (ಎದುರಾಳಿಯ ಬಿಡ್‌ನ ಪಣ ಹೆಚ್ಚಿಸುವ ಕೂಗನ್ನು) ಸ್ಟೇಮನ್‌ನಂತೆ ಬಳಸಿ ಉಳಿದುದನ್ನು ಇದ್ದಂತೆಯೇ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಮೇಲಿನ ಬಿಡ್ ಬಂದರೆ ಈ ಮೆಟ್ಟಿಲುಗಳು ಕುಸಿಯುತ್ತವೆ. ಆಗ 2 ನೋಟ್ರಂಪ್ ಮೂಲಕ 3 ಕ್ಲಬ್‌ಗೆ ಹಾಯುವ ಲೆಬೆನ್‌ಸೋಲ್ ಒಪ್ಪಂದ ಬೇಕಾಗುತ್ತದೆ, ಅದರಲ್ಲಿ ಎರಡನೆಯ ಸೂಟ್ ತೋರಿಸಲು ಅವಕಾಶ ಬಹಳ ಕಡಿಮೆ.

ನಿಮ್ಮ ಜೊತೆಗಾರರೊಡನೆ ಮುಂದಿನ ಬಾರಿ ಕುಳಿತಾಗ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಮೂರು ಸರಣಿಗಳ ಅರ್ಥ: ಸ್ಟೇಮನ್, 2 ಡೈಮಂಡ್, ಆಮೇಲೆ 2 ಹಾರ್ಟ್; ಸ್ಟೇಮನ್, 2 ಡೈಮಂಡ್, ಆಮೇಲೆ 3 ಹಾರ್ಟ್; ಮತ್ತು ಹಾರ್ಟ್ ಟ್ರಾನ್ಸ್‌ಫರ್ ಆದ ಮೇಲಿನ 2 ಸ್ಪೇಡ್. ನೀವು ಬರೆದು ಕಳುಹಿಸಿದ ಕೈಯನ್ನೇ ಇಟ್ಟುಕೊಂಡು, ಓಪನರ್‌ರ ಎಲೆಗಳನ್ನು ಬದಲಿಸುತ್ತಾ ಹತ್ತು ಬಾರಿ ಬಿಡ್ ಮಾಡಿ ನೋಡಿ.